ಹೊಸನೀರಿನ ಬಣ್ಣದ ಅಂಗಿ

ಕಾಕಾ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಮೊಬೈಲಿನಲ್ಲಿ, ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಹಳೆಯ ಆಟಗಾರರೂ ಅಭಿಮಾನಿಗಳೂ ಸೇರಿ ಮಾಡಿಕೊಂಡ ಗ್ರೂಪಿನಲ್ಲಿ. ಶಾಲೆಯಲ್ಲಿ ಎರಡನೇ ತಾಸು ಮುಗಿಸಿ ಬಂದು ನೋಡಿದರೆ ಯಾರೋ ಅವರ ಫೋಟೋ ಹಾಕಿ ಕೆಳಗೆ ಮುಗಿದ ಕೈಗಳ ಚಿತ್ರ ಇಟ್ಟಿದ್ದರು. ಅದರ ಕೆಳಗೆ ಇನ್ನಷ್ಟು ಕೈಗಳು. ಹತ್ತು ನಿಮಿಷ ಕಳೆದಿರಲಿಕ್ಕಿಲ್ಲ, ಒಬ್ಬ ಬರೆದ: "ಕಾಕಾನ ಹೆಸರಿನ್ಯಾಗ ಒಂದ ಮ್ಯಾಚ್ ಇಡೂಣು. ಹುಡುಗ್ರು ಕರಿ ಜೆರ್ಸಿ ಹಾಕ್ಕೊಳ್ಳಿ, ದುಃಖಕ್ಕ ಅದ ಚಲೋ." ಇನ್ನೊಬ್ಬ ಎದ್ದ: "ಕಾಕಾನ ಸಲುವಾಗಿ ಅಂದ್ರ ಹಳೇ ಬಣ್ಣಾನ ಹಾಕಬೇಕು. ಕರೇದು ಹಾಕಿದ್ರ ಆ ಜೀವಕ್ಕ ಶಾಂತಿ ಸಿಗೂದಿಲ್ಲ." ಮೂರನೆಯವನು, ನಾಲ್ಕನೆಯವನು. ಹೆಣ ಇನ್ನೂ ಮನೆಯ ಪಡಸಾಲೆಯಲ್ಲಿ ಕೂತಿತ್ತು, ನಮ್ಮವರು ಅಂಗಿಯ ಬಣ್ಣಕ್ಕೆ ಕಚ್ಚಾಡತೊಡಗಿದ್ದರು. ಸುಳ್ಳು ಯಾಕೆ ಹೇಳಲಿ, ನಾನೂ ಹಳೇ ಬಣ್ಣದ ಪರವಾಗಿ ಅರ್ಧ ವಾಕ್ಯ ಬರೆದಿದ್ದೆ. ಆಮೇಲೆ ಅಳಿಸಿದೆ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ. ಅಲ್ಲದೆ ಕಾಲೇಜಿನಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆದದ್ದು ನೆನಪಿಲ್ಲ. ಪ್ರಿನ್ಸಿಪಾಲರಿಗೂ ಅವರು ಕಾಕಾ, ಮೊನ್ನೆ ಸೇರಿದ ಹುಡುಗನಿಗೂ ಕಾಕಾ. ಜಿಮಖಾನಾ ಕೋಣೆಯ ಜವಾನ. ಮಸಗುಪ್ಪಿಯಿಂದ ದಿನಾ ಬಸ್ಸಿಗೆ ಗೋಕಾಕಕ್ಕೆ ಬರುತ್ತಿದ್ದರು. ಹಣೆಗೆ ಮೂರು ಬೆರಳಿನ ವಿಭೂತಿ, ತಲೆಗೆ ಬಿಳಿ ಟೋಪಿ, ಒಂದು ಕಡ್ಡಿ ಮುರಿದು ದಾರ ಕಟ್ಟಿದ ಕನ್ನಡಕ. ಎರಡನೇ ಇಯತ್ತೆಗೇ ಸಾಲಿ ಬಿಟ್ಟವರು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ, ಆ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಹೋಗುತ್ತಿದ್ದರು.

ಅಷ್ಟು ವರ್ಷ ಫುಟ್‌ಬಾಲ್ ತಂಡದ ಜೊತೆಗಿದ್ದರೂ ಆ ಮನುಷ್ಯನಿಗೆ ಫುಟ್‌ಬಾಲ್ ತಿಳಿಯುತ್ತಿರಲಿಲ್ಲ. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ಪಂದ್ಯ ನಡೆದಾಗ ಮೈದಾನಕ್ಕೆ ಬೆನ್ನು ಮಾಡಿ, ಕೋಣೆಯ ಹೊಸ್ತಿಲ ಮೇಲೆ ಗೋಣಿಚೀಲ ಹಾಸಿ ಕೂರುತ್ತಿದ್ದರು. ಹಿಂದೆ ಜನ ಕೂಗಿದರೆ ತಿರುಗಿ ನೋಡದೆ ಕೇಳುತ್ತಿದ್ದರು, "ಗೋಲ್ ಆತೇನು? ಯಾರದಾತು?" ನಮ್ಮದಾಯಿತೆಂದರೂ ಅವರದಾಯಿತೆಂದರೂ "ಹೂಂ" ಒಂದೇ. ಮುಂದಿನ ಪ್ರಶ್ನೆ ಮಾತ್ರ ಕಾಳಜಿಯದು: "ಅಂಗಿ ಯಾರದರೆ ಹರೀತೇನು?" ಆಟ ಮುಗಿದು ನಾವು ಕೆಸರಾಗಿ ಬಂದು ನಿಂತಾಗ ಯಾರ ಮುಖವನ್ನೂ ನೋಡದೆ ಅಂಗಿಗಳನ್ನು ನೋಡುತ್ತಿದ್ದರು. ಸೋತು ಅಳು ಬಂದವನ ತೋಳು ಹಿಡಿದು ತಿರುಗಿಸಿ, ಕಂಕುಳ ಹೊಲಿಗೆ ಬಿಟ್ಟಿದೆಯೇ ಎಂದು ಪರೀಕ್ಷೆ ಮಾಡಿ, "ಬಿಚ್ಚಾಕ ಹೊತ್ತೇನ ಹತ್ತೂದಿಲ್ಲಪಾ, ಹೊಲಿಯಾಕ ಕಣ್ಣ ಬೇಕು" ಅನ್ನುತ್ತಿದ್ದರು. ಎಲ್ಲರ ಅಂಗಿ ಕೈಗೆ ಬಂದ ಮೇಲೆಯೇ ತಮ್ಮ ರೊಟ್ಟಿಯ ಗಂಟು ಬಿಚ್ಚಿ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದರು.

ಆ ಅಂಗಿಗಳ ಬಗ್ಗೆ ಹೇಳಬೇಕು. ಹದಿನೆಂಟು ಅಂಗಿಗಳು, ದಪ್ಪ ಹತ್ತಿಬಟ್ಟೆಯವು. ಪಂದ್ಯವಿದ್ದ ದಿನ ಮಾತ್ರ ಹೊರಗೆ ಬರುತ್ತಿದ್ದವು. ಬೇರೆ ಕಾಲೇಜಿನವರು ಅವನ್ನು ಚಹಾ ಸೋಸುವ ಅರಿವೆ ಎಂದು ಹಂಗಿಸುತ್ತಿದ್ದರು. ನಾವು ಹೊಸನೀರಿನ ಬಣ್ಣ ಅನ್ನುತ್ತಿದ್ದೆವು. ಮುಂಗಾರು ಶುರುವಾಗಿ ಗೋಕಾಕ ಫಾಲ್ಸಿಗೆ ಮೊದಲ ನೀರು ಬಂದಾಗ ನೋಡಿದವರಿಗೆ ಆ ಬಣ್ಣ ಗೊತ್ತು. ಕೆಂಪೂ ಅಲ್ಲ, ಮಣ್ಣೂ ಅಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಕಾಕಾ ಕೋಣೆಯ ಹಿಂದೆ ಮೂರು ಕಲ್ಲು ಹೂಡಿ, ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ, ಕೆಂಪು ಪುಡಿ, ಸ್ವಲ್ಪ ಹಳದಿ, ಒಂದು ಹಿಡಿ ಉಪ್ಪು ಹಾಕಿ ಅಂಗಿಗಳಿಗೆ ಹೊಸದಾಗಿ ಬಣ್ಣ ಕಟ್ಟುತ್ತಿದ್ದರು. ಫಾಲ್ಸಿನ ಮಿಲ್ಲಿನಲ್ಲಿ ಬಣ್ಣದ ಕೆಲಸದಲ್ಲಿದ್ದ ಅವರ ಸೋದರಮಾವ ಕಲಿಸಿದ ವಿದ್ಯೆಯಂತೆ. ಅಳತೆ ಎಂಬುದಿಲ್ಲ, ಎಲ್ಲ ಕೈಯಂದಾಜು. ಹೀಗಾಗಿ ಒಂದು ವರ್ಷ ಇಟ್ಟಂಗಿಯ ಕಡೆ ವಾಲಿದರೆ ಇನ್ನೊಂದು ವರ್ಷ ಬೆಲ್ಲದ ಕಡೆ ವಾಲುತ್ತಿತ್ತು.

ಒಂದು ಮೇ ತಿಂಗಳು ನನಗೆ ಪರೀಕ್ಷೆ ನಡೆದಿತ್ತು. ಓದಲೆಂದು ಕಾಲೇಜಿನ ಬೇವಿನ ಮರದ ಕೆಳಗೆ ಕೂತಿದ್ದೆ. ಆಕಾಶ ಕಪ್ಪಾಗಿ ಗಾಳಿ ಎದ್ದಿತ್ತು, ಅಕಾಲಿಕ ಮಳೆ ಬರುವ ಹಾಗಿತ್ತು. ಕಾಕಾ ಹಂಡೆಯ ಹತ್ತಿರದಿಂದ ಕೂಗಿದರು, "ಲೇ ತಮ್ಮಾ, ಪುಸ್ತಕ ಎಲ್ಲೂ ಓಡಿ ಹೋಗೂದಿಲ್ಲ, ಬಾ. ಮಳಿ ಹತ್ತಿದ್ರ ಎಲ್ಲಾ ಹೊಳ್ಯಾಗ ಹ್ವಾದಂಗ." ಹೋದೆ. ಇಬ್ಬರೂ ಸೇರಿ ಹದಿನೆಂಟೂ ಅಂಗಿಗಳನ್ನು ಹಿಂಡಿ ಒಳಗೆ ಹಾಕಿದೆವು. ಮರುದಿನ ಪರೀಕ್ಷೆಯಲ್ಲಿ ನನ್ನ ಕೆಂಪು ಕೈ ನೋಡಿ ಮೇಲ್ವಿಚಾರಕರು ಗಾಯವಾಯಿತೇ ಎಂದು ಕೇಳಿದರು. ಅಷ್ಟಕ್ಕೇ ಕಾಕಾ ನನ್ನನ್ನು ಭಾಳ ಒಳ್ಳೆಯವನೆಂದು ನಂಬಿಬಿಟ್ಟರು.

ಬಣ್ಣಕ್ಕಿಂತ ದೊಡ್ಡದು ಅಂಗಿಯ ಒಳಗಿತ್ತು. ಡಿಗ್ರಿ ಮುಗಿಸಿ ಹೋಗುವ ಆಟಗಾರ ಕೊನೆಯ ಪಂದ್ಯದ ದಿನ ಅಂಗಿಯನ್ನು ಮೈದಾನದಲ್ಲೇ ಬಿಚ್ಚಿ ಕಾಕಾನ ಕೈಗೆ ಕೊಡಬೇಕು. ಕಾಕಾ ಅದನ್ನು ಒಗೆದು ಒಣಗಿಸಿ ಅವನನ್ನು ಕರೆಯುತ್ತಿದ್ದರು. ಅಂಗಿಯ ಕೆಳ ಅಂಚನ್ನು ಒಳಮಗ್ಗುಲಾಗಿ ಹೊರಳಿಸಿ, ಕೈಗೆ ಸೀಮೆಸುಣ್ಣ ಕೊಟ್ಟು, "ಬರಿ ನಿನ್ನ ಹೆಸರು" ಅನ್ನುತ್ತಿದ್ದರು. ಅವನು ಬರೆದ ಅಕ್ಷರದ ಮೇಲೆಯೇ ಬಣ್ಣ ಹಿಡಿಯದ ಬಿಳಿ ದಾರದಿಂದ ಹೊಲಿಗೆ ಹಾಕುತ್ತಿದ್ದರು. ಓದಲು ಬಾರದ ಕಾಕಾ ಒಂದು ಒತ್ತು, ಒಂದು ಸೊನ್ನೆ ಬಿಡದೆ, ಅವನ ಅಂಕುಡೊಂಕು ಬರಹ ಇದ್ದ ಹಾಗೇ ಹೊಲಿಯುತ್ತಿದ್ದರು. ಹೀಗೆ ಒಂದೊಂದು ಅಂಗಿಯೊಳಗೂ ಅದನ್ನು ತೊಟ್ಟವರ ಹೆಸರುಗಳು ಸಾಲಾಗಿ, ಅವರವರ ಕೈಬರಹದಲ್ಲೇ ಇದ್ದವು.

ಜೂನ್ ತಿಂಗಳಲ್ಲಿ ಹೊಸ ಹುಡುಗನಿಗೆ ಅಂಗಿ ಕೊಡುವಾಗ ಅವನನ್ನು ಎದುರು ಕೂರಿಸಿಕೊಂಡು, ಒಳಗೆ ಕೈ ತೂರಿಸಿ, ಬೆರಳಿನಿಂದ ಸಾಲು ಸವರುತ್ತಾ ಒಬ್ಬೊಬ್ಬರನ್ನೇ ಪರಿಚಯಿಸುತ್ತಿದ್ದರು. ನನ್ನದು ಹನ್ನೊಂದನೇ ನಂಬರಿನ ಅಂಗಿ. ನಾನು ಕೂತಾಗ ಅದರೊಳಗೆ ಇಬ್ಬರಿದ್ದರು. "ಇಂವ ಹುಕ್ಕೇರ್ಯಾಂವ. ಎಡಗಾಲಿನಾಂವ, ಬಿದ್ರೂ ನಗತಿದ್ದ. ಇಂವ ಮೂಡಲಗ್ಯಾಂವ. ಊಟಕ್ಕೂ ಮೊದಲ, ಓಟಕ್ಕೂ ಮೊದಲ. ಇವರ ಮಾನ ಈಗ ನಿನ್ನ ಮೈಮ್ಯಾಲ ಐತಿ, ತಿಳೀತಿಲ್ಲೊ?" ಮೂರು ವರ್ಷದ ನಂತರ ನಾನೂ ಆ ಸಾಲಿಗೆ ಸೇರಿದೆ. ನನ್ನ ನಂತರ ಬಂದ ಕಲ್ಲೋಳಿಯ ಹುಡುಗನಿಗೆ ಕಾಕಾ ಹೇಳಿದ್ದನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದೆ: "ಇಂವ ಮೂರನೇದಾಂವ, ಗೋಕಾಕದಾಂವ. ಕಾಲಿಗಿಂತ ಬಾಯಿ ಜೋರು. ಆದ್ರ ಕರದ್ರ ಬರ್ತಾನ." ಆ ವಯಸ್ಸಿಗೆ ಕೊನೆಯ ಮಾತು ಹೊಗಳಿಕೆ ಅಂತ ತಿಳಿದು ಉಬ್ಬಿಹೋಗಿದ್ದೆ.

ಒಮ್ಮೆ ಕೇಳಿದ್ದೆ, "ಕಾಕಾ, ನಿಮ್ಮ ಹೆಸರ ಯಾವುದಕ್ಕೂ ಹಾಕ್ಕೊಂಡಿಲ್ಲಲ್ಲ?" ಸೂಜಿ ತುಟಿಯಲ್ಲಿ ಹಿಡಿದಿದ್ದರು. ತೆಗೆದು ಹೇಳಿದರು, "ನಾ ಏನ್ ಆಡೇನೇನೋ ಹುಚ್ಚಪ್ಯಾಲಿ?"

ನಾನು ಅದೇ ಊರಿನಲ್ಲಿ ಹೈಸ್ಕೂಲ್ ಮಾಸ್ತರನಾದೆ. ಅಂದಿನಿಂದ ಕಾಕಾ ನನ್ನನ್ನು "ಲೇ ತಮ್ಮಾ" ಅನ್ನುವುದು ಬಿಟ್ಟು "ಸರ" ಅನ್ನತೊಡಗಿದರು. ಬೇಡ ಕಾಕಾ ಎಂದರೆ, "ಸುಣ್ಣದ ಖಡ್ಡಿ ಹಿಡದ ಅಕ್ಷರಾ ಕಲಸಾವ್ರಿಗೆ ಸರ ಅನ್ನಲಾರದ ಏನಂತಾರಿ?" ಅಂದರು. ಮನಸ್ಸಿಗೆ ಸಣ್ಣಗೆ ಹಿತವೇ ಆಗಿತ್ತು.

ಈಗ ಜಗಳದ ಕಥೆ. ಕಳೆದ ಚಳಿಗಾಲದಲ್ಲಿ ಊರಿನ ಒಬ್ಬ ಗುತ್ತಿಗೆದಾರ, ನಮ್ಮ ಹಳೆಯ ಅಭಿಮಾನಿ, ಗ್ರೂಪಿನಲ್ಲಿ ಒಂದು ಚಿತ್ರ ಹಾಕಿದ. ಕಪ್ಪು ಜೆರ್ಸಿ, ಎದೆಯ ಮೇಲೆ ಹಸಿರು ಮಿಂಚು. ತಂಡಕ್ಕೆ ಎರಡನೇ ಅಂಗಿಯಾಗಿ ತಾನೇ ಮಾಡಿಸಿಕೊಡುತ್ತೇನೆ ಎಂದ. "ಎಲ್ಲಾ ಟೀಮಿನಾವ್ರದೂ ಎರಡೆರಡ ಜೆರ್ಸಿ ಅದಾವು. ನಮ್ಮ ಹುಡುಗ್ರು ಅಷ್ಟ ಅಜ್ಜನ ಕಾಲದ ಅರಬಿ ಹಾಕ್ಕೊಂಡ ಅಡ್ಡಾಡಬೇಕೇನು?"

ತಗೋ, ಹತ್ತಿತು. ಅಭಿಮಾನಿಗಳೆಂದರೆ ನಾವು ಎಂಥವರು ಗೊತ್ತೇ? ವರ್ಷಕ್ಕೊಂದು ಪಂದ್ಯ ನೋಡಲೂ ಹೋಗದವರು, ತಂಡದಲ್ಲಿ ಈಗ ಯಾರಿದ್ದಾರೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುವವರು. ಆದರೆ ಬಣ್ಣಕ್ಕೆ ಮಾತ್ರ ಪ್ರಾಣ ಕೊಡಲು ಸಿದ್ಧ. ಮುಂಜಾನೆ ಚಹಾ ಕುಡಿಯುತ್ತಾ ಒಬ್ಬ ಕಪ್ಪು ಜೆರ್ಸಿಗೆ ಜೈ ಅನ್ನುತ್ತಿದ್ದ, ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಇನ್ನೊಬ್ಬ ಅವನ ಜನ್ಮ ಜಾಲಾಡುತ್ತಿದ್ದ. ಕಪ್ಪು ಅಪಶಕುನ ಎಂದರು. ಮಣ್ಣಿನ ಬಣ್ಣ ಹಾಕಿಕೊಂಡೇ ಇಷ್ಟು ವರ್ಷ ಮಣ್ಣು ಮುಕ್ಕಿದ್ದು ಎಂದರು. ಒಂದೇ ಮನೆಯ ಅಣ್ಣತಮ್ಮಂದಿರಿಬ್ಬರು ಈ ಕಾರಣಕ್ಕೆ ಒಬ್ಬರನ್ನೊಬ್ಬರು ಮಾತಾಡಿಸುವುದು ಬಿಟ್ಟರು.

ಹಳೇ ಬಣ್ಣದ ಪಕ್ಷಕ್ಕೆ ನಾನೇ ಮುಂದಾಳು. ಪರಂಪರೆ ಕುರಿತು ಉದ್ದುದ್ದ ಬರೆದೆ. "ಅವ್ವನ ಸೀರಿ ಹಳೇದಾತಂತ ಎರಡನೇ ಅವ್ವನ್ನ ತರ್ತೀರೇನ್ರಿ?" ಎಂದೂ ಒಮ್ಮೆ ಬರೆದೆ. ಅದಕ್ಕೆ ಎಷ್ಟು ಹೆಬ್ಬೆಟ್ಟುಗಳು ಬಂದವೆಂದರೆ ಊಟ ಮಾಡುವಾಗಲೂ ನೋಡಿಕೊಳ್ಳುತ್ತಿದ್ದೆ. ನಡುವೆ ಯಾರೋ ಕೇಳಿದರು, ಹಳೇ ಬಣ್ಣ ಹಳೇ ಬಣ್ಣ ಅಂತೀರಲ್ಲ, ಅಸಲಿ ಬಣ್ಣ ಯಾವುದು ಹೇಳಿ. ಅಲ್ಲಿ ನಮ್ಮ ಪಕ್ಷವೇ ಒಡೆಯಿತು. ಒಬ್ಬ ಇಟ್ಟಂಗಿ ಎಂದ, ಒಬ್ಬ ಬೆಲ್ಲ ಎಂದ, ಇನ್ನೊಬ್ಬ ಕರದಂಟಿನ ಬಣ್ಣ ಎಂದ. ಪ್ರತಿಯೊಬ್ಬನಿಗೂ ತಾನು ತೊಟ್ಟ ವರ್ಷದ್ದೇ ಅಸಲಿ. ನಾನು ಕಾಲೇಜಿಗೆ ಹೋಗಿ ಕಾಕಾನನ್ನು ಕೇಳಿದೆ. ನಕ್ಕರು. "ಫಾಲ್ಸಿಗೆ ಹೊಸ ನೀರ ಬಂದಾಗ ನೋಡ್ರಿ ಸರ. ವರ್ಷಾ ಒಂದ ಬಣ್ಣ ಇರತೈತೇನು?" ಇದು ಗ್ರೂಪಿನಲ್ಲಿ ನಡೆಯುವ ಮಾತಲ್ಲವೆಂದು ನಾನು ಹಾಕಲಿಲ್ಲ.

ಎರಡು ತಿಂಗಳಾದ ಮೇಲೆ ರಾಜಿ ಮಾಡಿಸಿದವನೂ ನಾನೇ. ಕಪ್ಪು ಜೆರ್ಸಿಯೂ ಇರಲಿ, ಹಳೇ ಬಣ್ಣವೂ ಇರಲಿ. ಆದರೆ ಹಳೇ ಬಣ್ಣದಲ್ಲೂ ಹೊಸ ಜೆರ್ಸಿಗಳನ್ನೇ ಮಾಡಿಸೋಣ, ಹೊಳೆಯುವ ಬಟ್ಟೆ, ಹಿಂದೆ ಅಚ್ಚು ಹಾಕಿದ ನಂಬರು. ಎಲ್ಲರೂ ಭಲೇ ಎಂದರು. ಪರಂಪರೆ ಗೆದ್ದಿತು ಎಂದು ನನಗೆ ಅಭಿನಂದನೆಗಳು ಬಂದವು. ಹದಿನೆಂಟು ಹಳೆಯ ಅಂಗಿಗಳು ಮುಂದೆ ಏನಾಗಬೇಕು ಎಂದು ಎರಡು ತಿಂಗಳಲ್ಲಿ ಒಬ್ಬನೂ ಕೇಳಲಿಲ್ಲ. ನಮ್ಮಲ್ಲಿ ಎಷ್ಟೋ ಜನರ ಹೆಸರು ಅವುಗಳೊಳಗೇ ಇತ್ತು. ನನಗೂ ಹೊಳೆಯಲಿಲ್ಲ, ದೇವರಾಣೆಗೂ ಹೊಳೆಯಲಿಲ್ಲ.

ಬಣ್ಣ ಹೊಂದಿಸಲು ಜೆರ್ಸಿ ಮಾಡುವ ಅಂಗಡಿಯವನಿಗೆ ಒಂದು ಹಳೆಯ ಅಂಗಿ ಬೇಕಾಗಿತ್ತು. ಕಾಕಾನ ಹತ್ತಿರ ಹೋದೆ. ಯಾವುದನ್ನು ಎಂದು ಕೇಳಿದರು. ಹನ್ನೊಂದು ಎಂದೆ. ಮುಂದಿನ ತಂಡಗಳೆಲ್ಲ ನನ್ನ ಅಂಗಿಯ ಬಣ್ಣ ತೊಡಲಿ ಎಂಬ ಚಪಲ. ಕಾಕಾ ಟ್ರಂಕು ತೆರೆದು ಅಂಗಿ ತೆಗೆದು, ಕೊಡದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ನಿಂತರು. ಹಿಂದೆ ಎಂದೂ ಅಂಗಿ ಹೀಗೆ ಹೊರಗೆ ಹೋಗಿದ್ದಿಲ್ಲ.

"ನೀವ ಬಣ್ಣದ ಸಲುವಾಗಿ ಇಷ್ಟ ಹೊಡದಾಡಿದ್ರಂತ, ಎಲ್ಲಾರೂ ಅಂತಾರು. ನಿಮಗ ಕೊಡಲಾರದ ಯಾರಿಗೆ ಕೊಡ್ಲಿರಿ? ಆದ್ರ ಸರ, ಹ್ವಾದಂಗ ಹೊಳ್ಳಿ ಬರಬೇಕ್ನೋಡ್ರಿ."

"ಬರತೈತಿ ಕಾಕಾ, ನಾ ಅದೀನಲ್ಲ" ಎಂದೆ.

ಅಂಗಡಿಯವನು ಒಂದು ವಾರದ ನಂತರ ಫೋನು ಮಾಡಿದ. ಅಂಗಿಯ ಬಣ್ಣ ಒಂದೊಂದು ಕಡೆ ಒಂದೊಂದು ತರ ಮಾಸಿದೆ, ಯಾವುದನ್ನು ಹಿಡಿಯಲಿ ಎಂದ. ನಾನು ತರಗತಿಗೆ ಹೋಗುವ ಅವಸರದಲ್ಲಿದ್ದೆ. "ಅಂಚಿನ ಒಳಮಗ್ಗಲ ನೋಡ್ರಿ, ಬಿಸಲ ಬಿದ್ದಿಲ್ಲ. ಅಲ್ಲಿರೂದ ಅಸಲಿ" ಎಂದೆ. ಅವನು ನನ್ನ ಮಾತು ಕೇಳಿದ. ಅಂಚಿನ ಒಳಗಿಂದ ಒಂದು ಗೇಣು ಬಟ್ಟೆ ಕತ್ತರಿಸಿ, ಬಣ್ಣ ನೋಡುವ ಯಂತ್ರಕ್ಕೆ ಒಡ್ಡಿ, ಕೆಲಸವಾದ ಮೇಲೆ ಆ ತುಂಡನ್ನು ಎಲ್ಲಿ ಎಸೆದನೋ. ಅವನಿಗೇನು ಗೊತ್ತು. ಆ ಒಂದು ಗೇಣಿನಲ್ಲಿ ಮೊದಲ ನಾಲ್ಕು ಹೆಸರುಗಳಿದ್ದವು. ಹುಕ್ಕೇರಿಯವನದು, ಮೂಡಲಗಿಯವನದು, ನನ್ನದು, ಕಲ್ಲೋಳಿಯವನದು.

ಮೇ ಕೊನೆಗೆ ಕಾಕಾ ನಿವೃತ್ತರಾದರು. ಬೀಳ್ಕೊಡುವ ಸಮಾರಂಭದಲ್ಲಿ ನಾನು ಮುಕ್ಕಾಲು ತಾಸು ಮಾತಾಡಿದೆ. ಶಾಲು ಹೊದೆಸಿದೆವು. ಕಾಕಾ ಅದನ್ನು ತೆಗೆದು ಹೊಲಿಗೆ ನೋಡಿ ಮಡಚಿಟ್ಟುಕೊಂಡರು. ಅದರ ಮುಂದಿನ ವಾರ ಜಿಮಖಾನಾ ಕೋಣೆಗೆ ಬಣ್ಣ ಬಳಿಸಿ ಹೊಸ ಕಪಾಟು ಇಡಿಸಿದರು. ಹಳೆಯ ಸಾಮಾನೆಲ್ಲ ಹೊರಗೆ ಹೋಯಿತು.

ಜೂನ್‌ನಲ್ಲಿ ಹೊಸ ಜೆರ್ಸಿ ಹಂಚುವ ಕಾರ್ಯಕ್ರಮ. ನಾನು ವೇದಿಕೆಯ ಮೇಲಿದ್ದೆ. ಯಾರೂ ಕರೆಯದಿದ್ದರೂ ಕಾಕಾ ಬಂದರು. ಜೂನ್ ಬಂತು, ಅಂಗಿ ಕೊಡುವ ದಿನ, ಬರದೆ ಏನು? ನೇರ ಕೋಣೆಗೆ ಹೋಗಿ ಟ್ರಂಕು ಹುಡುಕಿದರು. ಹೊಸ ಆಟದ ಮಾಸ್ತರು ಒಳ್ಳೆಯ ಮನುಷ್ಯ, ನಗುತ್ತಲೇ ಹೇಳಿದ, "ಆ ಹಳೇ ಅರಬಿ ಏನ್ರಿ ಕಾಕಾ? ಬೆಂಚ್ ಒರಸಾಕ ತಗೊಂಡ್ರು, ಉಳದಿದ್ದ ಗುಜರಿಯಾಂವ ಒಯ್ದ. ಹೊಸಾವ ಬಂದಾವಲ್ಲ, ಅದ ಬಣ್ಣ ನೋಡ್ರಿ!"

ಕಾಕಾ ಹೊಸ ಜೆರ್ಸಿ ಕೈಗೆ ತೆಗೆದುಕೊಂಡರು. ಅಂಚು ಹೊರಳಿಸಿದರು. ಹೊರಳಿಸುವಷ್ಟು ಅಂಚೇ ಇರಲಿಲ್ಲ. ಎದುರಿಗಿದ್ದ ಆಟಗಾರನಿಗೆ ಕಿಸೆಯಿಂದ ಸೀಮೆಸುಣ್ಣ ತೆಗೆದು ಕೊಟ್ಟು, "ಬರಿಯಪಾ, ಇದರಾಗ ಮೊದಲನೇದಾಂವ ನೀನ" ಎಂದರು. ಅವನು ಗೆಳೆಯರತ್ತ ನೋಡಿ ನಕ್ಕು, ಬರೆಯಲು ನೋಡಿದ. ಜಾರುವ ಬಟ್ಟೆಯ ಮೇಲೆ ಗುರುತೇ ಮೂಡಲಿಲ್ಲ. ಕಾಕಾ ಸುಮ್ಮನೆ ಅಂದಾಜಿನ ಮೇಲೆ ಸೂಜಿ ಚುಚ್ಚಿದರು. ಬಟ್ಟೆಯ ಎಳೆ ಸರ್ರನೆ ಬಿಟ್ಟು ಎದೆಯವರೆಗೆ ಗೆರೆ ಹೋಯಿತು. ಆಟದ ಮಾಸ್ತರು ಓಡಿಬಂದ. "ಕಾಕಾ, ಏನ ಮಾಡಾಕತ್ತೀರಿ! ತುಟ್ಟಿ ಅಂಗಿ ಅದಾವು, ಕೈ ಹಚ್ಚಬ್ಯಾಡ್ರಿ." ಕಾಕಾ ಸೂಜಿ ತೆಗೆದು ಟೋಪಿಗೆ ಚುಚ್ಚಿಕೊಂಡರು. ಆಮೇಲೆ ವೇದಿಕೆಯ ಕಡೆ, ನನ್ನ ಕಡೆ ನೋಡಿದರು. ನಾನು ಮೈಕಿನ ವಯರು ಸರಿಪಡಿಸುವವನಂತೆ ಬಗ್ಗಿದೆ.

ಹನ್ನೊಂದನೇ ಅಂಗಿ ಅಂಗಡಿಯಿಂದ ನನಗೆ ಬಂದದ್ದು ಅದಾದ ಮೇಲೆ. ಬಿಚ್ಚಿ ನೋಡಿದರೆ ಅಂಚಿನಲ್ಲಿ ಹೆಸರುಗಳಿದ್ದ ಜಾಗ ಖಾಲಿ. ಹದಿನೆಂಟರಲ್ಲಿ ಉಳಿದದ್ದು ಅದೊಂದೇ, ಅದೂ ಹೀಗೆ. ಕಾಕಾನ ಎದುರು ಹೋಗಿ ಕಾಲು ಹಿಡಿಯಬೇಕಿತ್ತು. ಅದರ ಬದಲು, ಮಸಗುಪ್ಪಿಯಿಂದ ಬರುವ ನಮ್ಮ ಶಾಲೆಯ ಗುಮಾಸ್ತರ ಕೈಯಲ್ಲಿ ಚೀಲದಲ್ಲಿ ಹಾಕಿ ಕಳಿಸಿಬಿಟ್ಟೆ.

ಕಾಕಾ ನಮ್ಮ ಮನೆಗೆ ಒಂದು ರವಿವಾರ ಬಂದರು. ಕಿಟಕಿಯಿಂದ ಕಂಡಿತು, ಕೈಯಲ್ಲಿ ಅದೇ ಚೀಲ. ಬೈಯಲು ಬಂದಿದ್ದಾರೆ ಅಂದುಕೊಂಡೆ. ಹೆಂಡತಿಗೆ ಇಲ್ಲ ಅನ್ನು ಎಂದೆ. ಅವಳು ನೀರು ಕೊಟ್ಟು, ಇಲ್ಲ ಎಂದು ಹೇಳಿದಳು. ಬಾಗಿಲ ಬಳಿ ನನ್ನ ಚಪ್ಪಲಿ ಇದ್ದವು. ಕಾಕಾ ಅವನ್ನು ನೋಡಿ, ನೀರು ಕುಡಿದು, "ಮತ್ತ ಬರ್ತೇನಿ ಅಂತ ಹೇಳವ್ವಾ" ಎಂದು ಹೋದರು. ಹದಿನೈದು ದಿನಗಳ ನಂತರ ಶಾಲೆಗೆ ಬಂದರು. ಜವಾನ ತರಗತಿಯ ಬಾಗಿಲಿಗೆ ಬಂದು, "ಯಾರೋ ಅಜ್ಜಾರ ಬಂದಾರ್ರಿ ಸರ, ಎರಡ ಮಿನಿಟ ಬಂದ ಹೋಗ್ರಿ ಅಂತಾರ" ಎಂದ. ತಾಸು ಮುಗಿಯಲಿ ಎಂದು ಹೇಳಿ ಕಳಿಸಿದೆ. ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದೆ. ಗಂಟೆ ಹೊಡೆದ ಮೇಲೂ ಬೇಕೆಂದೇ ತಡ ಮಾಡಿ ಹೊರಬಂದೆ. ಬಸ್ಸಿನ ಹೊತ್ತಾಯಿತೆಂದು ಅವರು ಹೋಗಿದ್ದರು. ನನಗೆ ಸಮಾಧಾನವಾಯಿತು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ದಸರಾ ಮುಗಿದ ಮೇಲೆ ಕಾಕಾ ಹೋದರು. ಎದೆನೋವು ಎಂದರಂತೆ, ಅಷ್ಟೆ. ಮಣ್ಣಿಗೆ ನಾನು ಹೋಗಲಿಲ್ಲ. ಐದನೇ ದಿನ ಹೋದೆ.

ಕಾಕಾನ ಹೆಂಡತಿಯನ್ನು ನಾನು ಹಿಂದೆ ನೋಡಿರಲಿಲ್ಲ. ಕಾಕು ಗೋಡೆಗೆ ಒರಗಿ ಕೂತಿದ್ದರು, ಎರಡೂ ಕಣ್ಣಿಗೆ ಪೊರೆ ಬಂದಂತಿತ್ತು. ಹೆಸರು ಹೇಳಿದೆ, ತಿಳಿಯಲಿಲ್ಲ. ಗೋಕಾಕದ ಮಾಸ್ತರ, ಫುಟ್‌ಬಾಲ್ ಆಡುತ್ತಿದ್ದೆ ಎಂದೆ. "ಹಾಂ, ಹಾಂ. ಬಾಯಿ ಜೋರಿನಾವ್ರೇನ ನೀವು? ಮೂರನೇದಾವ್ರು?" ಎಂದರು. ಎದ್ದು ಒಳಗೆ ಹೋಗಿ ಆ ಚೀಲ ತಂದು ನನ್ನ ಮುಂದಿಟ್ಟರು.

ಅಂಗಿಗೆ ಕಾಕಾ ತೇಪೆ ಹಾಕಿದ್ದರು. ಬಣ್ಣ ಹೊಂದುವ ಬಟ್ಟೆ ಎಲ್ಲಿಂದ ತಂದರೋ, ತಾವೇ ಹಂಡೆ ಕಾಯಿಸಿ ಕಟ್ಟಿದರೋ. ತೇಪೆಯ ಮೇಲೆ ಬಿಳಿ ದಾರದ ಹೆಸರುಗಳಿದ್ದವು.

"ಎಲ್ಲಾರ ಕಡೆ ಹೋಗಿ ಬರಸ್ಕೊಂಡ ಬಂದ್ರು" ಎಂದರು ಕಾಕು. "ಬ್ಯಾಡ್ರೀ, ಮೈಯಾಗ ಆರಾಮಿಲ್ಲ ಅಂದ್ರ ಕೇಳಲಿಲ್ಲ. ಹುಕ್ಕೇರಿಗೆ ಮೂರ ಬಸ್ ಬದಲಿ ಮಾಡಿ ಹ್ವಾದ್ರು. ಕಲ್ಲೋಳ್ಯಾಂವ ಒಂದ ಸಲಕ್ಕ ಸಿಗಲಿಲ್ಲ, ಹೊಳ್ಳಿ ಹ್ವಾದ್ರು. ಮೂಡಲಗ್ಯಾಂವ ಸತ್ತ ಹೋಗ್ಯಾನಂತ, ಅವನ ಮಗಳ ಕಡಿಂದ ಬರಸ್ಯಾರು."

ಹುಕ್ಕೇರಿಯವನ ಅಕ್ಷರಗಳು ಈಗ ನಡುಗಿದ್ದವು. ಅದರ ಕೆಳಗೆ ಎಂದೋ ಓಡಿ ಗೋಲು ಹೊಡೆದ ಮೂಡಲಗಿಯವನ ಹೆಸರು, ಅವನ ಮಗಳ ದುಂಡು ಅಕ್ಷರಗಳಲ್ಲಿ. ಅದರ ಕೆಳಗೆ ಒಂದು ಸಾಲು ಖಾಲಿ. ಅದರ ಕೆಳಗೆ ಕಲ್ಲೋಳಿಯವನ ಹೆಸರು.

"ಇದನ್ಯಾಕ ಖಾಲಿ ಬಿಟ್ಟೀರಿ ಅಂತ ನಾನೂ ಕೇಳಿದ್ನಿ. ಇಂವ ಊರಾಗ ಅದಾನ, ಕರದ್ರ ಬರ್ತಾನ ಅಂದ್ರು." ಕಾಕು ಕೇಳಿದರು, "ಎರಡ ಸಲ ಕರ್ಯಾಕ ಬಂದಿದ್ರಂತಲ್ಲ? ನೀವ ಸಿಗಲಿಲ್ಲಂತ."

ನಾನು ಚೀಲದೊಳಗೆ ಕೈ ಹಾಕಿದೆ. ಚೀಲದ ತಳದಲ್ಲಿ ಒಂದು ತುಂಡು ಸೀಮೆಸುಣ್ಣ ಇತ್ತು, ಒಂದು ಕಾಗದಕ್ಕೆ ಚುಚ್ಚಿದ ಸೂಜಿ ಇತ್ತು. ಸೂಜಿಗೆ ದಾರ ಪೋಣಿಸಿಯೇ ಇಟ್ಟಿದ್ದರು. ದಿನಾ ಸೀಮೆಸುಣ್ಣ ಹಿಡಿದು ನೂರಾರು ಹೆಸರು ಬರೆಯುವ ಕೈ ಅದು, ಅಂದು ಆ ತುಂಡನ್ನು ಹಿಡಿಯಲು ಬರಲಿಲ್ಲ. ಹೇಗೋ ಬರೆದೆ. ಇಪ್ಪತ್ತೊಂದರ ವಯಸ್ಸಿನಲ್ಲಿ ನನ್ನ ಅಕ್ಷರ ಹೇಗಿತ್ತು ಎಂಬುದು ನನಗೆ ನೆನಪಾಗಲಿಲ್ಲ. ಕಾಕಾನಿಗೆ ನೆನಪಿದ್ದಿರಬೇಕು.

"ಬರದ್ರೇನು?" ಕಾಕು ಬೆರಳಿನಿಂದ ಸವರಿ ನೋಡಿದರು. "ಹೊಲಿಯಾಕ ನನ್ನ ಕಣ್ಣ ನಡ್ಯೂದಿಲ್ಲ ತಮ್ಮಾ."

ನಾನೇ ಸೂಜಿ ತೆಗೆದುಕೊಂಡೆ. ಮೊದಲ ಅಕ್ಷರಕ್ಕೆ ಮೂರು ಚುಚ್ಚು ಹಾಕುವುದರೊಳಗೆ ತೇಪೆ ಮುದುಡಿತು, ದಾರ ಗಂಟಾಯಿತು. ಕಾಕಾನ ಹೊಲಿಗೆಯನ್ನೂ ಕೆಡಿಸುತ್ತೇನೆಂಬ ಭಯವಾಗಿ ಬಿಚ್ಚಿಬಿಟ್ಟೆ. ಬಿಚ್ಚಲು ಹೊತ್ತೇನೂ ಹತ್ತಲಿಲ್ಲ.

"ನಾ ಒಯ್ದ ಗೋಕಾಕದಾಗ ಚಲೋ ಟೇಲರ್ ಕಡಿಂದ ಹೊಲಿಸ್ಕೊಂಡ ತರ್ತೇನ್ರಿ ಕಾಕು" ಎಂದೆ.

ಕಾಕು ಅಂಗಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಬ್ಯಾಡ ತಮ್ಮಾ. ಒಮ್ಮೆ ಒಯ್ದಿದ್ರಲ್ಲ, ಸಾಕು. ಇಲ್ಲೇ ಇರ್ಲಿ."

ಎದ್ದು ನಿಂತು, ಮಡಚುವ ಮೊದಲು, ಯಾವ ಹೆಂಗಸೂ ಯಾವ ಬಟ್ಟೆಗೂ ಮಾಡುವ ಹಾಗೆ ಅಂಗಿಯನ್ನು ಎರಡೂ ತೋಳು ಹಿಡಿದು ಪಟಪಟನೆ ಎರಡು ಸಲ ಕೊಡವಿದರು. ಕಾಣದ ಕಣ್ಣು, ಅವರಿಗೆ ಗೊತ್ತಾಗಲಿಲ್ಲ. ಬಾಗಿಲಿನಿಂದ ಬಂದ ಬಿಸಿಲಲ್ಲಿ ಸೀಮೆಸುಣ್ಣದ ಬಿಳಿ ಪುಡಿ ಹಾರಿ ನೆಲಕ್ಕೆ ಬಿತ್ತು. ನಾನು ನೋಡುತ್ತ ಕೂತೆ.